ಗೇಟಿನ ಅಂದಾಜುಪಟ್ಟಿಯಲ್ಲಿ ಬೆಳೆಯ ಲೆಕ್ಕವೂ ಇರಲಿ: ಜಲಸಂಪನ್ಮೂಲ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ (ಕಟ್ಟೆಯ ಮೇಲ್ಭಾಗದಲ್ಲಿ ನೀರು ಬಿಡುವ ಗೇಟು) ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇಷ್ಟು ಹಳೆಯ ಗೇಟುಗಳನ್ನು ಯಾಕೆ ಬದಲಿಸಿರಲಿಲ್ಲ ಎಂದು ಆಗ ಎಲ್ಲರೂ ಕೇಳಿದರು. ನಿರ್ಲಕ್ಷ್ಯ ಎಂದರು ಕೆಲವರು, ದುಡ್ಡಿಲ್ಲ ಎಂದರು ಕೆಲವರು. ಇದ್ದೀತು. ಆದರೆ ಅಷ್ಟೇ ಅಲ್ಲ.

ಹಳೆಯ ಕಟ್ಟೆಗೆ ಹೊಸ ತಂತ್ರ ಒಗ್ಗುವುದಿಲ್ಲ ಎನ್ನುವಂತಿಲ್ಲ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದಾಗ ಅದು ಆಗಲೇ ವರ್ಷಗಟ್ಟಲೆ ನೀರು ನಿಂತಿದ್ದ ಕಟ್ಟೆ. ಗೋಡೆ ಎತ್ತರಿಸದೆ ಹೆಚ್ಚು ನೀರು ಸಿಕ್ಕಿತು, ಲಾಭ ಕಣ್ಣಿಗೆ ಕಂಡಿತು. ನಮ್ಮ 33 ಗೇಟು ಬದಲಿಸಿದರೆ ಒಂದು ಹನಿಯೂ ಹೆಚ್ಚುವುದಿಲ್ಲ. ಆಗಬಹುದಾಗಿದ್ದ ನಷ್ಟ ತಪ್ಪುತ್ತದೆ, ಅಷ್ಟೇ. ತಪ್ಪಿದ ನಷ್ಟಕ್ಕೆ ಯಾರು ಶಂಕುಸ್ಥಾಪನೆ ಮಾಡುತ್ತಾರೆ ಹೇಳಿ!

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕೆಲಸ ಮಾಡಬೇಕಾದರೆ ನೀರು ಗೇಟಿನ ಬುಡಕ್ಕಿಂತ ಕೆಳಗಿಳಿಯಬೇಕು, ಮುಂದಿನ ಮಳೆಗಾಲದೊಳಗೆ ಎಲ್ಲ ಮುಗಿಯಬೇಕು. ಅಂದರೆ ಎರಡನೇ ಬೆಳೆಗೆ ಕುತ್ತು. ಗಂಗಾವತಿ, ಸಿಂಧನೂರು ಕಡೆ ಎರಡನೇ ಭತ್ತ ಹೋದರೆ ನಾಟಿಯ ಕೂಲಿ ಹೋಗುತ್ತದೆ, ರೈಸ್‌ಮಿಲ್ಲಿನ ಹಮಾಲರ ಕೆಲಸವೂ ಹೋಗುತ್ತದೆ. ಗುತ್ತಿಗೆಗೆ ಹೊಲ ಹಿಡಿದವನ ಪಾಡು ಇನ್ನೂ ಕಷ್ಟ: ಪರಿಹಾರ ಬಂದರೂ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ನೀರಿನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಪಾಲು, ನಡುವೆ ತುಂಗಭದ್ರಾ ಮಂಡಳಿ. ಒಂದು ಬೆಳೆ ಬಿಡಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ವರ್ಷಗಟ್ಟಲೆ ಯಾರಿಗೂ ಬರಲಿಲ್ಲ. ಹಾಗಾಗಿ ಪ್ರತಿ ವರ್ಷವೂ 'ಈ ವರ್ಷವೊಂದು ಕಳೆಯಲಿ, ಕೆಲಸ ಆಮೇಲೆ' ಎನ್ನುವುದೇ ಎಲ್ಲರಿಗೂ ಸುಲಭವಾಗಿತ್ತು. ರೈತರಾದ ನಾವೂ ಅದನ್ನೇ ಕೇಳಿದ್ದೇವೆ, ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯ ಹೊರಗೆ ಧರಣಿ ಕೂತು ಕೇಳಿದ್ದೇವೆ.

ಇನ್ನು ಸೆನ್ಸರ್, ಕಂಪ್ಯೂಟರ್, ಕಂಟ್ರೋಲ್ ರೂಮ್. ಬೇಡ ಅನ್ನುವುದಿಲ್ಲ, ಚೈನ್ ಸವೆದದ್ದು ಅದರಿಂದ ಮೊದಲೇ ತಿಳಿದೀತು. ತಿಳಿದ ಮೇಲೆ ನೀರು ಇಳಿಸಲು ಒಪ್ಪುವವರು ಬೇಕಲ್ಲ? 19ನೇ ಗೇಟು ಹೋದಾಗ ಕೈಗೆಟುಕುವಂತೆ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ತಾತ್ಕಾಲಿಕವಾಗಿ ನೀರು ತಡೆಯುವ ತಡೆ) ಕೂಡ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಅದನ್ನು ತುಂಡು ತುಂಡಾಗಿ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದು ಅವರೆಲ್ಲರ ಸಾಹಸ, ವ್ಯವಸ್ಥೆಯ ಸಿದ್ಧತೆಯಲ್ಲ.

ನನ್ನ ಬೇಡಿಕೆ ಇಷ್ಟು. ರಾಜ್ಯದ ಯಾವ ಅಣೆಕಟ್ಟೆಯಲ್ಲಿ ಯಾವ ವರ್ಷ ಕೆಲಸಕ್ಕಾಗಿ ನೀರು ನಿಲ್ಲಿಸುತ್ತೀರಿ ಎಂಬ ಪಟ್ಟಿಯನ್ನು ಕನಿಷ್ಠ ಮೂರು ವರ್ಷ ಮೊದಲೇ ಪ್ರಕಟಿಸಿ. ಹೋಗುವ ಬೆಳೆಯ ಪರಿಹಾರವನ್ನು ಕಬ್ಬಿಣ, ಕ್ರೇನಿನ ಖರ್ಚಿನ ಜೊತೆಗೇ ಅಂದಾಜುಪಟ್ಟಿಯಲ್ಲಿ ಸೇರಿಸಿ, ಅದರಲ್ಲಿ ಗುತ್ತಿಗೆದಾರ ರೈತರಿಗೂ ಕೂಲಿಯವರಿಗೂ ಪಾಲಿಡಿ. ಮೊದಲ ಪಟ್ಟಿ ಮುಂದಿನ ಐಸಿಸಿ ಸಭೆಗೆ ಮುಂಚೆಯೇ ಹೊರಬರಲಿ. ಗುತ್ತಿಗೆಯ ದುಡ್ಡು ಕಟ್ಟಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಇಂತಿ,
ಎಡದಂಡೆ ಕಾಲುವೆಯ ಕೊನೆಭಾಗದ ಒಬ್ಬ ರೈತ