ಮಂಗಳೂರನ್ನು ಧರ್ಮಸ್ಥಳ ಯಾತ್ರೆಯ ಬಾಲಕ್ಕೆ ಕಟ್ಟಬೇಡಿ

ಮಾನ್ಯ ಸಂಪಾದಕರೆ,

ದಸರೆ, ಕ್ರಿಸ್‌ಮಸ್, ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯಿಂದ ಟೆಂಪೊ ಟ್ರಾವೆಲರ್‌ಗಳು ಸಾಲುಗಟ್ಟಿ ಘಟ್ಟ ಇಳಿಯುತ್ತವೆ. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಕುಕ್ಕೆ, ಉಡುಪಿ ಎಲ್ಲ ಮುಗಿಸಿ, ಉಳಿದ ಹೊತ್ತಿಗೆ ಮಂಗಳೂರು. ಸಂಜೆ ಆರರ ಸುಮಾರಿಗೆ ಪಣಂಬೂರು ದಂಡೆಯಲ್ಲಿ ಗಾಡಿ ನಿಲ್ಲುತ್ತದೆ. ಡ್ರೈವರ್ ಒಂದು ತಾಸು ಕೊಡುತ್ತಾನೆ. ಎರಡು ದಿನ ನಿದ್ದೆಗೆಟ್ಟ ಹಿರಿಯರು, ಸಮುದ್ರವನ್ನೇ ಮೊದಲ ಸಲ ಕಾಣುವ ಮಕ್ಕಳು, ಇಳಿಯುತ್ತಿರುವ ಬೆಳಕು. ಅವಘಡಕ್ಕೆ ಬೇಕಾದದ್ದೆಲ್ಲ ಆ ಒಂದು ತಾಸಿನಲ್ಲಿ ಕೂಡಿರುತ್ತದೆ. ಬಂದರು ನಗರವೊಂದನ್ನು ನೋಡುವ ರೀತಿಯೂ ಇದಲ್ಲ. ಧರ್ಮಸ್ಥಳ ಮಂಗಳೂರಿನಿಂದ ಸುಮಾರು 75 ಕಿ.ಮೀ., ಕುಕ್ಕೆ ನೂರು ಕಿ.ಮೀ. ಮೇಲೆ. ಆ ಯಾತ್ರೆ ಬೇರೆಯೇ ಇರಲಿ, ಮಂಗಳೂರಿಗೆಂದೇ ಎರಡು ದಿನ, ಒಂದು ರಾತ್ರಿ ಇಟ್ಟುಕೊಳ್ಳಿ ಎಂಬುದು ನಮ್ಮ ಕಳಕಳಿಯ ಮನವಿ. ಮೊದಲ ಸಲ ಹೋಗುವವರಿಗೆ ಬೇಕಾದ ವಿವರ ಕೆಳಗಿದೆ.

ಹೋಗುವ ದಾರಿ ಮೊದಲು. ಗದಗ, ಹುಬ್ಬಳ್ಳಿ, ಹಾವೇರಿಯವರಿಗೆ ವಿಜಯಪುರ–ಮಂಗಳೂರು ರೈಲು ಅನುಕೂಲ. ಹಾಸನ, ಸಕಲೇಶಪುರದ ಮೇಲೆ ಹೋಗಿ ಮರುದಿನ ಇಳಿಸುತ್ತದೆ. ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ಎರಡು ಸಲ ಓದಿ. ಮಂಗಳೂರು ಸೆಂಟ್ರಲ್ ಊರಿನ ನಡುವೆ, ಹಂಪನಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರ. ಮಂಗಳೂರು ಜಂಕ್ಷನ್ ಇರುವುದು ಪಡೀಲ್ ಕಡೆ, ಐದಾರು ಕಿ.ಮೀ. ಆಚೆ, ಹಳಬರು ಇದನ್ನು ಈಗಲೂ ಕಂಕನಾಡಿ ನಿಲ್ದಾಣ ಎನ್ನುತ್ತಾರೆ. ಮುಂಬಯಿ–ಕೇರಳ ನಡುವೆ ಓಡುವ ರೈಲುಗಳು ಜಂಕ್ಷನ್‌ನಲ್ಲಿ ಮಾತ್ರ ನಿಲ್ಲುತ್ತವೆ. ಮರಳುವಾಗ ಸೆಂಟ್ರಲ್‌ಗೆ ಬಂದು ಕೂತು, ಜಂಕ್ಷನ್‌ನಲ್ಲಿ ರೈಲು ತಪ್ಪಿಸಿಕೊಳ್ಳುವವರು ಬಹಳ.

ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿದರೆ ರೈಲು ದಿನಗಟ್ಟಲೆ ನಿಲ್ಲುತ್ತದೆ. ರಸ್ತೆಯೂ ಅಷ್ಟೇ. ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾದಲ್ಲಿ ಎಡಕ್ಕೆ ಹೊರಳಿ ಹೆದ್ದಾರಿ 66 ಹಿಡಿದರೆ ಹುಬ್ಬಳ್ಳಿಯಿಂದ ಏಳೆಂಟು ತಾಸು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಬಿದ್ದದ್ದು ಇದೇ ಹೆದ್ದಾರಿಯ ಮೇಲೆ. ಹಾವೇರಿಯವರು ಸಿರ್ಸಿ–ಕುಮಟಾ ಮೇಲೆ ಹೋಗುವುದಾದರೆ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಮಂಗಳೂರಿನ ಒಂದು ವರ್ಷದ ಮಳೆ 3,500 ಮಿ.ಮೀ. ದಾಟುತ್ತದೆ; ಹೆಚ್ಚುಕಡಿಮೆ ಗದಗಿನ ಐದು ವರ್ಷದ ಮಳೆ ಅದು. ಮೊದಲ ಭೇಟಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಸೆಕೆ ನಮ್ಮ ಒಣಬಿಸಿಲಿನಂಥದ್ದಲ್ಲ, ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ.

ಬಸ್ಸಿನ ವಿಷಯದಲ್ಲಿ ನಮ್ಮವರು ಎಡವುವುದು ಎರಡು ಕಡೆ. ಸರಕಾರಿ ಬಸ್ ನಿಲ್ದಾಣ ಇರುವುದು ಬಿಜೈಯಲ್ಲಿ. ಸಿಟಿ ಬಸ್ಸುಗಳು, ಉಡುಪಿ ಕಡೆಯ ಖಾಸಗಿ ಬಸ್ಸುಗಳು ಹೊರಡುವುದು ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ. ಎರಡಕ್ಕೂ ನಡುವೆ ಸುಮಾರು ಮೂರು ಕಿ.ಮೀ. ಇದೆ. ಇನ್ನೊಂದು, ಶಕ್ತಿ ಯೋಜನೆ. ಹುಬ್ಬಳ್ಳಿಯಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಉಚಿತವಾಗಿ ಬಂದ ಹೆಣ್ಣುಮಕ್ಕಳು ಅಲ್ಲಿಯ ಸಿಟಿ ಬಸ್ಸಿನಲ್ಲೂ ಹಾಗೇ ಎಂದುಕೊಳ್ಳುತ್ತಾರೆ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಟಿಕೆಟ್ ಕೊಳ್ಳಲೇಬೇಕು. ಹತ್ತು, ಇಪ್ಪತ್ತರ ಚಿಲ್ಲರೆ ಕೈಯಲ್ಲಿರಲಿ. ರಾತ್ರಿ ಒಂಬತ್ತರ ಮೇಲೆ ಈ ಬಸ್ಸುಗಳು ತೆಳುವಾಗುತ್ತವೆ. ಆಟೊದವರು ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ, ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು. ವಸತಿ ಹಂಪನಕಟ್ಟೆ ಸುತ್ತಮುತ್ತ ಹಿಡಿದರೆ ಅರ್ಧ ಊರು ಕಾಲ್ನಡಿಗೆಯಲ್ಲೇ ಸಿಗುತ್ತದೆ. ಭಾನುವಾರ ಪೇಟೆಯ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ. ಗೋಡಂಬಿ, ಹಲ್ವ ಕೊಳ್ಳುವವರು ಶನಿವಾರವೇ ಮುಗಿಸಿ.

ಬಂದರು ನೋಡಬೇಕೆಂದು ಬರುವವರಿಗೆ ಒಂದು ಮಾತು: ಅಲ್ಲಿ ಬಂದರು ಎರಡು. ಪಣಂಬೂರಿನ ನವಮಂಗಳೂರು ಬಂದರು ನೆಲ ಅಗೆದು, ಸಮುದ್ರದ ನೀರನ್ನು ಒಳಗೆ ತಂದು ಮಾಡಿದ್ದು. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಯಿತು. ಕರ್ನಾಟಕದಲ್ಲಿ ಆ ದರ್ಜೆಯದು ಇದೊಂದೇ. ಪಾಸಿಲ್ಲದೆ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಸರದಿಗೆ ಕಾಯುತ್ತ ಲಂಗರು ಹಾಕಿದ ಹಡಗುಗಳು ಪಕ್ಕದ ದಂಡೆಯಿಂದಲೇ ಕಾಣುತ್ತವೆ. ಇನ್ನೊಂದು ಹಳೇ ಬಂದರು, ಅದರ ಬದಿಯ ಮೀನುಗಾರಿಕೆ ದಕ್ಕೆ, ಅಂದರೆ ದೋಣಿಗಳು ಬಂದು ನಿಲ್ಲುವ ಕಟ್ಟೆ. ದಕ್ಕೆಗೆ ಹೋಗುವುದಾದರೆ ಬೆಳಗಿನ ಆರೂವರೆಯೊಳಗೆ ಇರಬೇಕು. ದೋಣಿಯಿಂದ ಬುಟ್ಟಿ ಇಳಿಯುವುದು, ಹರಾಜು, ಮಂಜುಗಡ್ಡೆ ಪುಡಿಮಾಡುವುದು ಎಲ್ಲ ಆಗ ಜೋರಾಗಿರುತ್ತದೆ; ಬಿಸಿಲೇರಿದ ಮೇಲೆ ಖಾಲಿ ಬುಟ್ಟಿ, ವಾಸನೆ ಅಷ್ಟೇ. ನೆಲ ಮೀನಿನ ನೀರಿನಿಂದ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಅದು ಅವರ ದುಡಿಮೆಯ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ದಕ್ಕೆ ಮಲಗಿರುತ್ತದೆ, ಹೋಟೆಲಿನ ಮೀನೂ ತುಟ್ಟಿ.

ದಕ್ಕೆಯಿಂದ ಬಂದು ತಿಂಡಿ ಮುಗಿಸಿದ ಮೇಲೆ ಮಧ್ಯಾಹ್ನದೊಳಗೆ ಕದ್ರಿ. ಹನ್ನೆರಡು ದಾಟಿದ ಮೇಲೆ ಹೋದರೆ ಬಾಗಿಲು ಹಾಕಿರಬಹುದು. ಮಂಜುನಾಥನ ದರ್ಶನ ಮಾಡಿ ಹಾಗೇ ತಿರುಗಬೇಡಿ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಿಂತು ನೋಡಿ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಮಾಡಿಸಿದ್ದು. ಲಕ್ಕುಂಡಿ, ಹಾನಗಲ್ಲು, ಗಳಗನಾಥದ ಕಲ್ಲಿನ ಕೆಲಸ ನೋಡಿ ಬೆಳೆದ ನಮ್ಮ ಕಣ್ಣಿಗೆ ಅದೇ ಶತಮಾನಗಳ ಲೋಹದ ಕೆಲಸ ಬೇರೆಯೇ ಲೋಕ ತೋರಿಸುತ್ತದೆ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಯ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ, 1899ರ ನಂತರದ ಎರಡು ವರ್ಷಗಳ ಕೆಲಸ. ಒಳಗೆ ಫೋಟೊ ತೆಗೆಯುವಂತಿಲ್ಲ. ಪ್ರಾಣಿ ಸಂಗ್ರಹಾಲಯವಿರುವ ಪಿಲಿಕುಳಕ್ಕೆ ಅರ್ಧ ದಿನ ಬೇಕು, ಸೋಮವಾರ ಹೋಗಬೇಡಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿ ದಂಡೆಗೆ ಹೊಳೆ ದಾಟಿಸುವ ದೋಣಿಗೆ ಮಳೆಗಾಲದಲ್ಲಿ ಭರವಸೆಯಿಲ್ಲ.

ಇನ್ನು ಸಮುದ್ರ. ಈ ಪತ್ರ ಬರೆಯಲು ಮುಖ್ಯ ಕಾರಣ ಇದೇ. ಅಲೆ ದಂಡೆಗೆ ತಂದ ನೀರು ಮರಳಿ ಹೋಗಲೇಬೇಕು. ಅದು ಎಲ್ಲ ಕಡೆ ಸಮನಾಗಿ ಹೋಗುವುದಿಲ್ಲ. ನೀರೊಳಗಿನ ಮರಳ ದಿಬ್ಬ ಎಲ್ಲಿ ಕಡಿದಿದೆಯೋ ಅಲ್ಲಿ ಒಟ್ಟುಗೂಡಿ ರಭಸದಿಂದ ಹೊರಗೆ ಹರಿಯುತ್ತದೆ. ಇದೇ ಸೆಳೆತ. ಆ ಜಾಗದಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ, ನೀರು ತುಸು ಕಪ್ಪಾಗಿ ಶಾಂತವಾಗಿ ಕಾಣುತ್ತದೆ. ವರದಾ, ತುಂಗಭದ್ರೆಯಲ್ಲೋ ತೋಟದ ಬಾವಿಯಲ್ಲೋ ಈಜು ಕಲಿತವರು ಅಲೆ ಕಡಿಮೆಯಿದೆಯೆಂದು ಆರಿಸಿಕೊಳ್ಳುವುದು ಸರಿಯಾಗಿ ಆ ಜಾಗವನ್ನೇ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲಡಿಯ ಮರಳು ಜಾರುತ್ತದೆ. ಸಮುದ್ರದ ಕಡೆ ಎರಡು ಹೆಜ್ಜೆ ಸರಿದರೆ ನೆಲವೇ ಇರುವುದಿಲ್ಲ.

ಸೆಳೆತಕ್ಕೆ ಸಿಕ್ಕವರು ದಂಡೆಯತ್ತ ನೇರ ಈಜಿದರೆ ಸೋಲುತ್ತಾರೆ, ಎಷ್ಟೇ ಗಟ್ಟಿಗರಾಗಿರಲಿ. ಸಾಯಿಸುವುದು ಆ ದಣಿವು. ಸೆಳೆತ ನೀರೊಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ಸಡಿಲವಾಗುತ್ತದೆ. ಅಂಗಾತ ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಂಡು, ದಂಡೆಗೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಸರಿದು, ನೊರೆ ಏಳುವ ಜಾಗ ಸಿಕ್ಕಾಗ ಅಲೆಯ ಜೊತೆ ಮರಳಬೇಕು. ಈಜು ಬಾರದವರು ತೇಲುತ್ತ ಒಂದು ಕೈ ಎತ್ತಿ ಕೂಗಬೇಕು. ದಂಡೆಯಲ್ಲಿದ್ದವರು ಒಬ್ಬರ ಕೈ ಒಬ್ಬರು ಹಿಡಿದು ಇಳಿಯಬಾರದು. ಒಬ್ಬರ ಬದಲು ನಾಲ್ವರು ಹೋಗುವುದು ಹೀಗೆಯೇ. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನು, ಟ್ಯೂಬು, ತೇಲುವುದೇನಾದರೂ ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಸೀರೆ, ಜೀನ್ಸ್ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಸೋಮೇಶ್ವರದ ಬಂಡೆಗಳ ಮೇಲೆ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಳಿ ನೀರಿಗೆ ಇಳಿಯಲೇಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದಿಂದ ನೋಡಿದರೆ ಸಾಕು. ಉಳಿದ ತಿಂಗಳು ಸುರಕ್ಷಿತ ಎಂದೂ ತಿಳಿಯಬಾರದು: 2024ರಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ಡಿಸೆಂಬರ್‌ನಲ್ಲಿ.

ಪಣಂಬೂರಿಗೆ ನಾಲ್ಕು ಗಂಟೆಗೇ ತಲುಪಿ. ಸುರತ್ಕಲ್ ಕಡೆಯ ಬಸ್ಸು ಹೆದ್ದಾರಿಯಲ್ಲಿ ಇಳಿಸುತ್ತದೆ, ದಂಡೆ ಅಲ್ಲಿಂದ ಒಳಗೆ ಸಾಕಷ್ಟು ನಡಿಗೆ. ಸಂಜೆ ಕೂಳೂರು ಸೇತುವೆ ಬಳಿ ಟ್ಯಾಂಕರ್, ಲಾರಿಗಳ ಸಾಲು ನಿಲ್ಲುತ್ತದೆ. ಅದೇ ರಾತ್ರಿ ರೈಲಿದ್ದರೆ ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ಊಟ ಚಿಕ್ಕ ವಿಷಯವಾದರೂ ಮನೆಯ ಹಿರಿಯರಿಗೆ ದೊಡ್ಡದು. ಊಟಕ್ಕೆ ಕೂತರೆ ಕುಚ್ಚಲಕ್ಕಿ ಅನ್ನ ಬರಬಹುದು. ಒಗ್ಗದವರು ಬೆಳ್ತಿಗೆ, ಅಂದರೆ ಬಿಳಿ ಅನ್ನ, ಕೇಳಿ. ಕೋರಿ ರೊಟ್ಟಿಯ ರೊಟ್ಟಿ ಅಕ್ಕಿಯ ಗರಿಗರಿ ಹಾಳೆ, ಕೋಳಿ ಸಾರು ಸುರಿದು ನೆನೆಸಿ ತಿನ್ನುವಂಥದ್ದು. ಅಂಜಲ್, ಮಾಂಜಿ, ಕಾಣೆ ಮೀನಿಗೆ ಗಾತ್ರ ನೋಡಿ ದರ ಹಾಕುತ್ತಾರೆ, ಹೇಳುವ ಮೊದಲೇ ಕೇಳಿಕೊಳ್ಳಿ. ಬಂಗುಡೆ ಅಗ್ಗ, ರುಚಿಗೆ ಯಾವುದಕ್ಕೂ ಕಡಿಮೆಯಿಲ್ಲ. ಬನ್ಸ್, ಗೋಳಿಬಜೆ, ನೀರುದೋಸೆ ಬೆಳಿಗ್ಗೆಯೇ ಚೆಂದ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುವವರು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಅಲ್ಲಿಯ ಹಸಿ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ.

ಕೊನೆಗೆ ಪತ್ರಿಕೆಗೊಂದು ಕೋರಿಕೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಅದು ಬೇಕಾಗಿರುವುದು ಕರಾವಳಿಯವರಿಗಷ್ಟೇ ಅಲ್ಲ, ನೀರಿಗೆ ಇಳಿಯುವವರಲ್ಲಿ ನಮ್ಮ ಕಡೆಯವರೂ ಬಹಳ ಮಂದಿ ಇದ್ದಾರೆ. ರಜೆಯ ವಾರಗಳಲ್ಲಿ ಪ್ರತಿ ಶುಕ್ರವಾರ ಹುಬ್ಬಳ್ಳಿ ಆವೃತ್ತಿಯ ಹವಾಮಾನ ಅಂಕಣದಲ್ಲೂ ನಾಲ್ಕು ಸಾಲು ಹಾಕಿ. ಶಾಲೆಗಳು ಪ್ರವಾಸಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಸೆಳೆತದ ಬಗ್ಗೆ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಲಿ. ಹತ್ತು ನಿಮಿಷದ ಕೆಲಸ.

– ಓದುಗರು, ವಿದ್ಯಾನಗರ, ಹುಬ್ಬಳ್ಳಿ