ಜಾಂಬಿ ಎಂದು ಯಾರೂ ಏಕೆ ಹೇಳುವುದಿಲ್ಲ?

ಸದಸ್ಯರೇ, ಎದ್ದು ನಡೆಯುವ ಹೆಣಗಳ ಕಥೆಗಳಲ್ಲಿ ಪಾತ್ರಗಳು ‘ಜಾಂಬಿ’ ಎನ್ನದಿರುವುದೇಕೆ ಎಂಬ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಟಿಪ್ಪಣಿ.

ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಲ್ಲಿ ಆ ಪದವೇ ಇಲ್ಲ. ಅಲ್ಲಿ ಬರುವುದು ‘ಗೂಲ್’, ಅಂದರೆ ಹೆಣ ತಿನ್ನುವ ಪಿಶಾಚಿ. ಜಾಂಬಿ ಮೂಲತಃ ಹೈಟಿಯ ಜನಪದ ನಂಬಿಕೆಯದು: ಮಾಂತ್ರಿಕನು ಎಬ್ಬಿಸಿ ಜೀತಕ್ಕೆ ದುಡಿಸಿಕೊಳ್ಳುವ ಶವ. ಪಾಪ, ಅದು ಯಾರನ್ನೂ ತಿನ್ನುವುದಿಲ್ಲ. ರೊಮೆರೊ ಅವರ ಹೆಣಗಳಿಗೆ ಆ ಹೆಸರನ್ನು ಅಂಟಿಸಿದವರು ನೋಡುಗರು.

ನಂತರದವರ ಕಾರಣ ಬೇರೆ. ‘ದಿ ವಾಕಿಂಗ್ ಡೆಡ್’ ಕಾಮಿಕ್ಸ್ ಮತ್ತು ಟಿವಿ ಸರಣಿಯ ಲೋಕದಲ್ಲಿ ಇಂಥ ಸಿನಿಮಾಗಳೇ ಬಂದಿಲ್ಲ ಎಂಬುದು ಕರ್ತೃ ರಾಬರ್ಟ್ ಕರ್ಕ್‌ಮನ್ ಅವರ ವಿವರಣೆ, ಹಾಗಾಗಿ ಅಲ್ಲಿನವರಿಗೆ ಈ ಹೆಣಗಳು ‘ವಾಕರ್’, ಅಂದರೆ ನಡೆಯುವವರು. ಹೆಸರು ಗೊತ್ತಿರುವ ಪಾತ್ರಕ್ಕೆ ಅವನ್ನು ಕೊಲ್ಲಲು ತಲೆಗೇ ಹೊಡೆಯಬೇಕೆಂಬುದೂ ಗೊತ್ತಿರಬೇಕಲ್ಲ, ಅಲ್ಲಿಗೆ ಅರ್ಧ ಕಥೆ ಮುಗಿಯಿತು! ಈ ಮಡಿವಂತಿಕೆಯನ್ನು 2004ರಲ್ಲಿ ‘ಶಾನ್ ಆಫ್ ದಿ ಡೆಡ್’ ಎಂಬ ಹಾಸ್ಯಚಿತ್ರ ಚೆನ್ನಾಗಿಯೇ ಗೇಲಿ ಮಾಡಿತು. ಇಂದಿನ ಕಾಲದಲ್ಲಿ ನಡೆಯುವ ಕಥೆಯಲ್ಲೂ ಆ ಪದ ಒಬ್ಬರಿಗೂ ಹೊಳೆಯುವುದಿಲ್ಲವೆಂದರೆ ನನಗಂತೂ ನಂಬಲಾಗುವುದಿಲ್ಲ.

ಚರ್ಚೆ ಮುಂದುವರಿಯಲಿ. ಹೊಸ ಸರಣಿಗಳ ಅಂತ್ಯವನ್ನು ಮಾತ್ರ ಎಚ್ಚರಿಕೆ ಕೊಡದೆ ಬಯಲು ಮಾಡಬೇಡಿ.