ಹಳೆಯ ನೆಗೆಟಿವ್‌ಗಳನ್ನು ಗುಜರಿಗೆ ಹಾಕಬೇಡಿ

ಮಾನ್ಯರೇ,

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಹಳೆಯ ಫೋಟೋ ಸ್ಟುಡಿಯೋಗಳು ಬಾಗಿಲು ಹಾಕುವಾಗ ಯಕ್ಷಗಾನ, ಭೂತಕೋಲ, ಮದುವೆ, ಶಾಲಾ ವಾರ್ಷಿಕೋತ್ಸವಗಳ ನೆಗೆಟಿವ್‌ಗಳೂ ಗುಜರಿ ಸೇರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಇವುಗಳ ದೊಡ್ಡ ವೈರಿ ನಮ್ಮ ಮಳೆಗಾಲ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ತೋರಿಸಿಕೊಟ್ಟ ಜೆಲಾಟಿನ್ ಪದರವೇ ಇಂದಿಗೂ ಫಿಲ್ಮಿನ ಬಿಂಬವನ್ನು ಹಿಡಿದಿಟ್ಟಿರುವುದು. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೆಯೇ ಉಳಿದರೆ ಅದಕ್ಕೆ ಬೂಸ್ಟು ಹಿಡಿಯುತ್ತದೆ. ಕಂಡ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸುವವರೇ ಹೆಚ್ಚು. ಬೂಸ್ಟು ತಿಂದ ಜೆಲಾಟಿನ್ ನೀರಿಗೆ ಕರಗುತ್ತದೆ, ಒರೆಸಿದರೆ ಮುಖವೇ ಅಳಿಸಿಹೋಗುತ್ತದೆ! ನೆರಳಲ್ಲಿ ಚೆನ್ನಾಗಿ ಒಣಗಿಸಿ, ಮೆತ್ತನೆಯ ಬ್ರಷ್ಷಿನಿಂದ ಹಗುರಾಗಿ ಜಾಡಿಸಿ.

ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೆಡುತ್ತಿದೆ ಎಂದರ್ಥ. ಆ ಆವಿ ಪಕ್ಕದ ಫಿಲ್ಮನ್ನೂ ಹಾಳುಮಾಡುವುದರಿಂದ ಅದನ್ನು ಬೇರೆಯಾಗಿಟ್ಟು ಮೊದಲು ನಕಲು ಮಾಡಿಕೊಳ್ಳಿ. ಪಿವಿಸಿ ಕವರು ಬೇಡ. ಪಾಲಿಪ್ರೊಪಿಲೀನ್ ಅಥವಾ ಆಮ್ಲರಹಿತ ಕಾಗದದ ಲಕೋಟೆ ಒಳ್ಳೆಯದು. ನೆಗೆಟಿವ್ ಒಳಗಿಡುವ ಮೊದಲೇ ಲಕೋಟೆಯ ಮೇಲೆ ಊರು, ಇಸವಿ, ಹೆಸರು ಪೆನ್ಸಿಲಿನಲ್ಲಿ ಬರೆಯಿರಿ.

ನಕಲಿಗೆ ಸ್ಕ್ಯಾನರೇ ಬೇಕೆಂದಿಲ್ಲ. ಕೋಣೆಯ ದೀಪ ಆರಿಸಿ, ಬಿಳಿ ಎಲ್‌ಇಡಿ ಪ್ಯಾನೆಲ್ ಮೇಲೆ ಹೊಳಪಿಲ್ಲದ ಬದಿ ಮೇಲಾಗುವಂತೆ ನೆಗೆಟಿವ್ ಇಡಿ. ಕ್ಯಾಮೆರಾಕ್ಕೆ ಟ್ರೈಪಾಡ್, ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್, ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ 100 (ಬೆಳಕಿನ ಸಂವೇದನೆ), ಕೈ ತಾಗದೆ ಕ್ಲಿಕ್ಕಿಸಲು ಟೈಮರ್ ಇಷ್ಟಿದ್ದರೆ ಸಾಕು. ಬಳಿಕ ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ, ಕಪ್ಪು-ಬಿಳುಪು ಅದಲುಬದಲು ಮಾಡಿ ಪಾಸಿಟಿವ್ ಮಾಡಿಕೊಳ್ಳಿ. ನಕಲಾಯಿತೆಂದು ಮೂಲವನ್ನು ಎಸೆಯಬೇಡಿ.

ನಮ್ಮ ಪಂಚಾಯತ್ ಗ್ರಂಥಾಲಯಗಳು ಒಂದೊಂದು ಒಣ ಕಪಾಟನ್ನು ಇದಕ್ಕಾಗಿ ಮೀಸಲಿಡಬೇಕೆಂದು ವಿನಂತಿ.

– ಛಾಯಾಗ್ರಾಹಕರು, ಕುಂಬಳೆ